ಮಳೆ ಬಂದಾಗ ಹೊರಗೆ ಹೋಗುತ್ತಿದ್ದವರು

ಮಳೆ ಶುರುವಾದರೆ ನಾವೆಲ್ಲ ಒಳಗೆ ಓಡುವವರು. ಒಣಹಾಕಿದ ಬಟ್ಟೆ, ಮಾಳಿಗೆಯ ಮೇಲಿನ ಸಂಡಿಗೆ, ಓಣಿಯುದ್ದಕ್ಕೂ ಹಿಡಿದು ಕಟ್ಟಿದ ನೂಲು, ಎಲ್ಲವನ್ನೂ ಬಾಚಿಕೊಂಡು ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಮೇಲಿನ ಖೋಲಿಯ ಮೆಟ್ಟಿಲಿಳಿದು ಒಬ್ಬರು ಹೊರಗೆ ಹೊರಡುತ್ತಿದ್ದರು. ಸೀರೆಯನ್ನು ಒಂದು ಗೇಣು ಎತ್ತಿ ಸಿಕ್ಕಿಸಿ, ಗಂಡಸರು ಹಾಕುವ ಕರಿ ರಬ್ಬರ್ ಬೂಟು ಮೆಟ್ಟಿ, ಕಡ್ಡಿ ಮುರಿದ ಛತ್ರಿ ಹಿಡಿದುಕೊಂಡು. ಮೊದಲ ಸಲ ನೋಡಿದಾಗ ಅವ್ವ ಗಾಬರಿಯಿಂದ, "ಇಂಥಾ ಮಳ್ಯಾಗ ಎಲ್ಲಿಗ್ರಿ ಮೇಡಂ?" ಎಂದು ಕೇಳಿದಳು. "ನೀರ ನೋಡಾಕ್ರಿ ಅವ್ವಾರ" ಎಂದವರು ಹೋಗಿಯೇ ಬಿಟ್ಟರು. ಐವತ್ತು ದಾಟಿದ ಹೆಣ್ಣುಮಗಳಿಗೆ ನೀರು ನೋಡುವ ಹುಚ್ಚೇನು ಎಂದು ಅವ್ವ ಅವತ್ತೆಲ್ಲ ಗೊಣಗುತ್ತಿದ್ದಳು.

ಅವರು ಇಳಕಲ್ಲಿಗೆ ವರ್ಗವಾಗಿ ಬಂದ ಎಂಜಿನಿಯರು. ಊರಿನ ಗಟಾರ, ಮಳೆನೀರು ಹೋಗುವ ದಾರಿ, ಊರಂಚಿನ ಹಳ್ಳ, ಇವು ಅವರ ಪಾಲಿನ ಕೆಲಸ. ಜನ ಎದುರಿಗೆ ಮೇಡಮ್ಮಾರು ಎನ್ನುತ್ತಿದ್ದರು, ಬೆನ್ನ ಹಿಂದೆ ಗಟಾರ ಮೇಡಂ. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಫೋನಿನಲ್ಲಿ ಯಾರಿಗೋ ಗುರುತು ಹತ್ತಲಿಲ್ಲವೆಂದು, "ನಾನ್ರಿ, ಗಟಾರ ಮೇಡಂ" ಎಂದು ತಾವೇ ಹೇಳಿಕೊಂಡದ್ದನ್ನು ಕೇಳಿ ನಾನು ನಕ್ಕಿದ್ದೆ. ಹೋದ ತಿಂಗಳು ಬಾದಾಮಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದ ದಿನದಿಂದ ಏನಾದರೂ ಬರೆಯಬೇಕು ಎಂದು ಕೂತಿದ್ದೇನೆ. ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುವ ನನಗೆ ಈ ಸಲ ಪೆನ್ನು ಓಡುತ್ತಿಲ್ಲ.

ಅವರ ಹೆಸರು ಬರೆಯುವುದಿಲ್ಲ. ನಮ್ಮದು ಕಲ್ಲಿನ ಊರು. ಕಲ್ಲು ಸೋವಿ, ಕೆತ್ತುವ ಕೈಗಳು ಬೇಕಾದಷ್ಟು. ಹಾಗಾಗಿ ನಮ್ಮಲ್ಲಿ ಒಂದು ನಳ ಹಾಕಿಸಿದವನೂ ಪಾಲಿಶ್ ಮಾಡಿದ ಕಲ್ಲಿನ ಮೇಲೆ ತನ್ನ ಹೆಸರು ಕೆತ್ತಿಸುತ್ತಾನೆ. ಮೇಡಂಗೆ ಅದನ್ನು ಕಂಡರೆ ನಗು. ತಾವು ಹಿಂದೆ ಇದ್ದ ಯಾವುದೋ ಊರಿನಲ್ಲಿ ಉದ್ಘಾಟನೆಯ ಕಲ್ಲೊಂದು ಕಾರ್ಯಕ್ರಮ ರದ್ದಾಗಿ ಮೂಲೆಯಲ್ಲಿ ಬಿದ್ದಿತ್ತಂತೆ. ಗಟಾರದ ಒಂದು ಕಡೆ ಮುಚ್ಚಲು ಕಲ್ಲು ಕಡಿಮೆ ಬಿದ್ದಾಗ ಇವರು ಅದನ್ನೇ ತರಿಸಿ, ಹೆಸರುಗಳನ್ನು ಕೆಳಮುಖ ಮಾಡಿ ಹಾಕಿಸಿದರು. "ಅಷ್ಟೂ ಮಂದಿ ಇನ್ನೂ ಅಲ್ಲೇ ಮಕಾಡಿ ಮಲಗ್ಯಾರ ನೋಡ್ರಿ ಟೀಚರ" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಅಂಥವರ ಹೆಸರನ್ನು ನಾನು ಕಾಗದದ ಮೇಲೆ ಕೆತ್ತುವುದು ಬೇಡ.

ನಮ್ಮ ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು ಇಬ್ಬರೇ. ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ಮೇಲಿನ ಖೋಲಿ ಬಾಡಿಗೆಗೆ ಇದೆ ಎಂದು ತಿಳಿದು ಬಂದ ದಿನ ಮೇಡಂ ಖೋಲಿಯನ್ನೇ ಸರಿಯಾಗಿ ನೋಡಲಿಲ್ಲ. ಅವ್ವ ಕೊಟ್ಟ ನೀರನ್ನು ಅರ್ಧ ಕುಡಿದು, ಉಳಿದದ್ದನ್ನು ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ನಿಧಾನಕ್ಕೆ ಸುರಿದು, ಬಗ್ಗಿ ನೋಡುತ್ತ ನಿಂತರು. ನೀರು ಎಡಕ್ಕೆ ಹೊರಳಿ ಗಟಾರದ ಕಡೆ ಹೋಯಿತು. ತಲೆಯಾಡಿಸಿದರು. ಮುಸಲ್ಮಾನರ ಮಂದಿಯಲ್ಲಿ ಹೊಸ ಮನೆಗೆ ಕಾಲಿಡುವಾಗ ಹೀಗೇನಾದರೂ ಮಾಡುತ್ತಾರೇನೋ ಎಂದು ಅವ್ವ ಅಂದುಕೊಂಡಳು. ಆಮೇಲೆ ನೋಡಿದರೆ ಅದು ಅವರ ಚಟ. ಚಹಾ ಕುಡಿಯಲು ಕರೆದವರ ಮನೆಯಲ್ಲಿ, ನನ್ನ ಶಾಲೆಯ ವರಾಂಡದಲ್ಲಿ, ಒಂದು ಮದುವೆ ಮನೆಯಲ್ಲಿ ಕೈತೊಳೆಯುವಾಗ ಕೂಡ, ಉಳಿದ ನೀರನ್ನು ನೆಲಕ್ಕೆ ಬಿಟ್ಟು ಅದು ಯಾವ ಕಡೆ ಹೋಗುತ್ತದೆ ಎಂದು ನೋಡಿಯೇ ಮುಂದಿನ ಮಾತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳಾ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ವಿವರಿಸುವಾಗಲೆಲ್ಲ ಅವರೇ ನೆನಪಾಗುತ್ತಾರೆ.

ಅವರು ಹುಟ್ಟಿ ಬೆಳೆದದ್ದು ಬಾದಾಮಿಯ ಕೆಂಪು ಗುಡ್ಡದ ಬುಡದಲ್ಲಿ. ಮಳೆ ಬಂದರೆ ಗುಡ್ಡದ ಮೇಲಿನ ನೀರು ಬಂಡೆಯಿಂದ ಕೆಳಗೆ ಧುಮುಕಿ ಹೊಂಡ ಸೇರುತ್ತದೆ. ಹುಡುಗಿಯಾಗಿದ್ದಾಗ ನೆನೆಯುತ್ತ ಅದನ್ನೇ ನೋಡುತ್ತ ಕೂತು ತಾಯಿಯ ಕೈಲಿ ಹೊಡೆತ ತಿಂದಿದ್ದರಂತೆ. ಮದುವೆಯಾಗಲಿಲ್ಲ. ಯಾಕೆ ಎಂದು ಅವ್ವ ಕೇಳಿದ್ದಕ್ಕೆ, "ಮಳ್ಯಾಗ ಹೊರಗ ಹೋಗಾಕಿನ್ನ ಯಾರ ಮಾಡ್ಕೋತಾರ್ರಿ ಅವ್ವಾರ" ಎಂದಿದ್ದರು. ಅವ್ವನಿಗೆ ಆ ಉತ್ತರ ಹಿಡಿಸಿತು. ಅಲ್ಲಿಂದ ಮೇಡಂ ಎನ್ನುವುದು ಹೋಗಿ ಯವ್ವಾ ಎನ್ನುವುದು ಶುರುವಾಯಿತು. ಸಂಜೆ ಇಬ್ಬರೂ ಮನೆ ಮುಂದಿನ ಕಟ್ಟೆಯ ಮೇಲೆ ಎದುರುಬದುರು ಕೂತು, ನಡುವೆ ರೊಟ್ಟಿಯ ಬುಟ್ಟಿ ಇಟ್ಟುಕೊಂಡು, ಊರ ಸುದ್ದಿ ಬಿಚ್ಚುತ್ತಿದ್ದರು. ಹಬ್ಬದ ದಿನ ಅವರು ಮಾಡಿದ ಶಾವಿಗೆಯ ಸುರಕುಂಬಾ ಕೆಳಗಿಳಿಯುತ್ತಿತ್ತು, ನಮ್ಮ ಹೋಳಿಗೆ ಮೇಲೆ ಹತ್ತುತ್ತಿತ್ತು. ಮಗಳಾದ ನನ್ನ ಮಾತಿಗಿಂತ ಬಾಡಿಗೆಯವರ ಮಾತಿಗೆ ಆ ಮನೆಯಲ್ಲಿ ಬೆಲೆ ಜಾಸ್ತಿಯಾಯಿತು ಎಂದು ನಾನು ಆಗಾಗ ಸಿಟ್ಟಾಗುತ್ತಿದ್ದೆ, ಅದು ಸುಳ್ಳು ಸಿಟ್ಟು.

ಆ ಕಟ್ಟೆಯ ವಿಷಯ ಹೇಳಬೇಕು. ನಮ್ಮ ಓಣಿ ಮೇಲಿನಿಂದ ಇಳಿಜಾರಾಗಿ ಬಂದು ದೊಡ್ಡ ರಸ್ತೆ ಸೇರುತ್ತದೆ. ಸೇರುವ ಮೂಲೆಯ ಮನೆ ನಮ್ಮದು. ಓಣಿಯ ಗಟಾರ ನಮ್ಮ ಮನೆಯ ಮುಂದೆಯೇ ದೊಡ್ಡ ಗಟಾರಕ್ಕೆ ಬೀಳಬೇಕು. ಅಪ್ಪ ಆ ಗಟಾರದ ಮೇಲೆಯೇ ಕೆಂಪು ಗ್ರಾನೈಟಿನ ತುಂಡುಗಳನ್ನು ಹಾಸಿ, ತಾನೇ ಕೈಯಾರೆ ಕಟ್ಟೆ ಕಟ್ಟಿದ್ದ. ನಮ್ಮೂರಲ್ಲಿ ಯಾರ ಮನೆಯ ಮುಂದೆ ನೋಡಿದರೂ ಗಟಾರ ಕಾಣುವುದಿಲ್ಲ, ಕಟ್ಟೆ ಕಾಣುತ್ತದೆ. ಅದೇ ಪಡಸಾಲೆ, ಅದೇ ತರಕಾರಿ ಅಂಗಡಿ, ಅದೇ ಮುದುಕರ ಪಾರ್ಲಿಮೆಂಟು. ಕೆಳಗೆ ನೀರು ಏನು ಮಾಡುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಓಣಿಯ ತುಂಬ ಕುಣಿಮಗ್ಗಗಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಓಣಿಯಲ್ಲಿ ನೀರು ಉಕ್ಕಿದರೆ ಅದು ಮೊದಲು ಹುಡುಕುವುದು ಈ ಕುಣಿಯನ್ನು. ಹಾಗಾಗಿ ಪ್ರತಿ ಮಳೆಗಾಲ ಕಳೆದ ಮೇಲೆ ಯಾರೋ ಒಬ್ಬರು ತಮ್ಮ ಹೊಸ್ತಿಲಿಗೆ ಒಂದು ಕಲ್ಲು ಏರಿಸುವರು. ಅವರ ನೀರು ಪಕ್ಕದ ಮನೆಗೆ ಹೋಗುವುದು. ಮುಂದಿನ ವರ್ಷ ಪಕ್ಕದವರು ಎರಡು ಕಲ್ಲು ಏರಿಸುವರು. ಹೀಗೆ ಹೊಸ್ತಿಲುಗಳು ಏರುತ್ತ ಏರುತ್ತ, ಕೊನೆಗೆ ಏರಿಸಲಾಗದೆ ಉಳಿದದ್ದು ನಮ್ಮ ಪಕ್ಕದ ಮನೆಯ ಕಾಕಾನದು. ಅವನ ಮನೆಯ ಮಾಳಿಗೆ ತಗ್ಗು. ಹೊಸ್ತಿಲು ಏರಿಸಿದರೆ ಒಳಗೆ ಹೋಗುವವರ ಹಣೆ ಒಡೆಯುತ್ತದೆ. "ಓಣ್ಯಾಗಿನ ಅಷ್ಟೂ ಮಂದಿ ನನ್ನ ಕುಣ್ಯಾಗ ನೀರ ತುಂಬಿಸಿಟ್ಟಾರ, ಕಪ್ಪಿಗೆ ನೇಯೂದ ಕಲಿಸಾಕತ್ತೇನಿ" ಎಂದು ಕಾಕಾ ನಗುತ್ತಿದ್ದ. ನಗದೆ ಬೇರೆ ಏನು ಮಾಡಬೇಕು?

ಮೇಡಂ ಬಳಿ ದೊಡ್ಡ ಯಂತ್ರಗಳೂ ಇದ್ದವು, ಮೂರು ಕಾಲಿನ ಮೇಲೆ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡುವಂಥವು. ಆದರೆ ಓಣಿಯೊಳಗೆ ಬಂದಾಗ ಅವರು ಹಿಡಿಯುತ್ತಿದ್ದದ್ದು ಮನೆ ಕಟ್ಟುವ ಗವಂಡಿಗಳ ಹತ್ತಿರ ಇರುವ ಪಾರದರ್ಶಕ ಪೈಪು. ಅದರಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಯಾವ ಹೊಸ್ತಿಲು ಎಷ್ಟು ಎತ್ತರ ಎಂದು ತಿಳಿಯುತ್ತದೆ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನಮ್ಮ ಅವ್ವನ ಕೈಯಲ್ಲಿ. ಎಪ್ಪತ್ತರ ಅವ್ವ ಓಣಿಯಲ್ಲಿ ಪೈಪು ಹಿಡಿದು ಠೀವಿಯಿಂದ ನಿಂತದ್ದನ್ನು ನೋಡಲು ಎಲ್ಲ ಬಾಗಿಲುಗಳೂ ತೆರೆದಿದ್ದವು. "ಅಲ್ಲಾಡಿಸಬ್ಯಾಡ್ರಿ ಅವ್ವಾರ. ಮನಿಷ್ಯಾ ಸುಳ್ಳ ಹೇಳಿದ್ರೂ ಹೇಳ್ಯಾನು, ನೀರ ಹೇಳಂಗಿಲ್ಲ" ಎನ್ನುತ್ತಿದ್ದರು ಮೇಡಂ.

ಸುಳ್ಳಿನ ವಿಷಯಕ್ಕೆ ಅವರು ಬಹಳ ಕಟ್ಟುನಿಟ್ಟು. ಒಬ್ಬ ಗುತ್ತಿಗೆದಾರ ಹೊಸ ಗಟಾರ ಕಟ್ಟಿ, ಎಲ್ಲ ಸರಿಯಾಗಿದೆ ಎಂದು ಸಹಿಗೆ ಬಂದ. ಮೇಡಂ ಒಂದು ಬಕೆಟ್ ನೀರು ತರಿಸಿ ಸುರಿದರು. ನೀರು ಅರ್ಧಕ್ಕೆ ಹೋಗಿ ನಿಂತಿತು. ಬೆರಳಷ್ಟು ತಗ್ಗು, ಅಷ್ಟಕ್ಕೆ ಯಾಕ್ರಿ ಮೇಡಂ ಎಂದು ಅವನು ಗೋಗರೆದ, ಯಾರಿಂದಲೋ ಫೋನು ಮಾಡಿಸಿದ. ಬೆರಳಷ್ಟು ಸುಳ್ಳು ಮಳೆಗಾಲದಲ್ಲಿ ಮೊಣಕಾಲಷ್ಟು ಆಗುತ್ತದೆ ಎಂದು ಹೇಳಿ ಅಷ್ಟೂ ಒಡೆಸಿ ಮತ್ತೆ ಕಟ್ಟಿಸಿದರು. ಇನ್ನೊಮ್ಮೆ ಕಲ್ಲು ಪಾಲಿಶ್ ಮಾಡುವ ಕಡೆಯಿಂದ ಬರುವ ಬಿಳಿ ರಾಡಿ ಗಟಾರದಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ ಎಂದು ಎಷ್ಟು ಹೇಳಿದರೂ ಯಾರೂ ನಂಬದಿದ್ದಾಗ, ಅದರ ಒಂದು ಗಡ್ಡೆಯನ್ನು ಮೀಟಿಂಗಿಗೆ ಒಯ್ದು, ಬಿಸ್ಕೀಟು ಬಂದ ತಾಟಿನಲ್ಲೇ ಇಟ್ಟು ಎಲ್ಲರ ಮುಂದೆ ಸರಿಸಿದರಂತೆ. ಅದನ್ನು ನಮಗೆ ಹೇಳುವಾಗ ತಾಟು ಸರಿಸಿದ ಹಾಗೆ ಕೈ ಮಾಡಿ ತೋರಿಸಿದ್ದರು.

ಅವರ ಆಸೆ ದೊಡ್ಡದಿತ್ತು. ಇಡೀ ಊರಿನ ನಕ್ಷೆ ಖೋಲಿಯ ಗೋಡೆಗೆ ಅಂಟಿಸಿದ್ದರು. ಅದರ ಮೇಲೆ ನೀಲಿ ಪೆನ್ಸಿಲಿನಲ್ಲಿ ಮಳೆನೀರಿನ ದಾರಿಗಳು. ಎಲ್ಲಿ ಹುಟ್ಟಿ, ಯಾವ ಓಣಿ ದಾಟಿ, ಎಲ್ಲಿ ಹಳ್ಳಕ್ಕೆ ಬೀಳುತ್ತವೆ ಎಂದು. ನಾವು ಊರನ್ನು ರಸ್ತೆಗಳಿಂದ ಗುರುತಿಸುತ್ತೇವೆ, ಅವರು ಇಳಿಜಾರುಗಳಿಂದ ಗುರುತಿಸುತ್ತಿದ್ದರು. ಬಸ್ ನಿಲ್ದಾಣದಿಂದ ಮನೆಗೆ ಬರುವುದು ಹೇಗೆ ಎಂದು ಕೇಳಿದವರಿಗೆ, ನೀರು ಹರಿಯುವ ಕಡೆ ಬರಬೇಡಿ, ಎದುರು ಬನ್ನಿ ಎಂದು ದಾರಿ ಹೇಳಿದ ಮಹಾತಾಯಿ. ಆ ನಕ್ಷೆಯ ಪ್ರಕಾರ ಪೂರ್ತಿ ಊರಿಗೆ ಕೆಲಸ ಆಗಬೇಕಿತ್ತು. ಮೊದಲ ಹಂತಕ್ಕೆ ನಮ್ಮ ಓಣಿಯೂ ಸೇರಿ ಎರಡು ಓಣಿಗಳಿಗೆ ಮಾತ್ರ ಮಂಜೂರಾಯಿತು.

ಅದಕ್ಕಿಂತ ಒಂದು ವರ್ಷ ಮುಂಚೆ ಅವರೂ ತಪ್ಪಿದ್ದರು. ಬಂದ ಹೊಸತರಲ್ಲಿ ಉಮೇದಿನಿಂದ ಓಣಿಯ ಮೇಲಿನ ಅರ್ಧದ ಗಟಾರ ಕನ್ನಡಿಯ ಹಾಗೆ ಸ್ವಚ್ಛ ಮಾಡಿಸಿದರು. ಮಳೆ ಬಂತು. ಮೊದಲು ತಡೆದು ತಡೆದು ಬರುತ್ತಿದ್ದ ನೀರು ಈಗ ಒಂದೇ ಓಟಕ್ಕೆ ಇಳಿದು, ಕೆಳಗೆ ದಾರಿ ಸಾಲದೆ, ನೋಡನೋಡುತ್ತ ಕಾಕಾನ ಕುಣಿ ತುಂಬಿತು. ಮೇಡಂ ಛತ್ರಿ ಬಿಸಾಕಿ ಒಳಗೆ ಹೋಗಿ ಡಬ್ಬಿಯಿಂದ ನೀರು ತೋಡತೊಡಗಿದರು. ಆಮೇಲೆ ಕಾಕಾನ ಎದುರು ನಿಂತು, ತಪ್ಪು ನನ್ನದು, ಬಾಲ ಬಿಟ್ಟು ತಲೆ ತೊಳೆದೆ ಎಂದು ಹೇಳಿದರು. ಆಫೀಸರು ಎನಿಸಿಕೊಂಡವರು ಹೀಗೆ ತಪ್ಪು ಒಪ್ಪಿಕೊಂಡದ್ದನ್ನು ಕಾಕಾ ಅದುವರೆಗೆ ನೋಡಿರಲಿಲ್ಲ, ಅವನಿಗೇ ನಾಚಿಕೆಯಾಗಿ ಚಹಾ ಮಾಡಿಸಿದ. ಅವತ್ತಿನಿಂದ ಅವರದು ಒಂದೇ ನಿಯಮ. ಗಟಾರದ ಕೆಲಸ ಕೆಳಗಿನ ತುದಿಯಿಂದ ಶುರುವಾಗಬೇಕು.

ನಮ್ಮ ಓಣಿಯ ಕೆಳಗಿನ ತುದಿ ನಮ್ಮ ಕಟ್ಟೆಯ ಅಡಿಯಲ್ಲಿತ್ತು.

ಒಂದು ಸಂಜೆ ರೊಟ್ಟಿ ಮುರಿಯುತ್ತ ಮೇಡಂ ಅದನ್ನು ಅವ್ವನಿಗೆ ಹೇಳಿದರು. ಕಟ್ಟೆಯ ಪಕ್ಕದಲ್ಲಿ ಇರುವ ಸಣ್ಣ ಸಂದಿಯಿಂದ ದಿನದ ಬಚ್ಚಲ ನೀರೇನೋ ಹೋಗುತ್ತದೆ, ಮಳೆ ನೀರಿಗೆ ಅದು ಸಾಲದು, ಕಲ್ಲು ಎತ್ತಿ ಕೆಳಗೆ ನೋಡಲೇಬೇಕು ಎಂದರು. ಅವ್ವನ ಮುಖ ಕಪ್ಪಿಟ್ಟಿತು. ಕಟ್ಟೆ ಮುಟ್ಟುವ ಮಾತು ಮತ್ತೆ ಎತ್ತಬೇಡ ಎಂದು ಎದ್ದು ಒಳಗೆ ಹೋದಳು. ಮರುದಿನದಿಂದ ಸಂಜೆಯ ಕೂಟ ನಿಂತಿತು. ರೊಟ್ಟಿ ಮಾತ್ರ ನಿಲ್ಲಲಿಲ್ಲ, ನನ್ನ ಕೈಯಲ್ಲಿ ಮೇಲೆ ಹೋಗುತ್ತಿತ್ತು. ಓಣಿಯ ಉಳಿದವರಿಗೆ ಇದು ಒಳ್ಳೆಯ ತಮಾಷೆ. ಬಾಡಿಗೆ ಮನೆಯ ಕಟ್ಟೆಯನ್ನೇ ಒಡೆಯುತ್ತಾಳೋ, ಇಲ್ಲ ಬಿಟ್ಟು ನಮ್ಮದಕ್ಕೆ ಬರುತ್ತಾಳೋ ನೋಡೋಣ ಎಂದು ಕಾಯುತ್ತಿದ್ದರು. ಬೇರೆ ಕಡೆಯಿಂದ ಶುರು ಮಾಡಿ ಎಂದು ಆಫೀಸಿನಲ್ಲೂ ಸಲಹೆ ಬಂತು. ಮಳೆಗಾಲದ ಮೊದಲು ಕೆಲಸ ಶುರುವಾಗದಿದ್ದರೆ ಮಂಜೂರಾದದ್ದು ಬೇರೆ ಊರಿಗೆ ಹೋಗುತ್ತದೆ ಎಂಬ ಮಾತೂ ಬಂತು. ಮೇಡಂ ಜಗ್ಗಲಿಲ್ಲ, ಜೋರೂ ಮಾಡಲಿಲ್ಲ. "ಅವ್ವಾರ ಕಟ್ಟಿ ಬಿಟ್ಟ ಬ್ಯಾರೇದವ್ರ ಕಟ್ಟಿ ಯಾವ ಮುಖಾ ಇಟ್ಕೊಂಡ ಮುಟ್ಟಲಿ ಟೀಚರ? ಅವ್ರ ಹೂಂ ಅನ್ನೂತನಾ ನಾ ಒಂದ ಕಲ್ಲೂ ಎತ್ತಂಗಿಲ್ಲ" ಎಂದರು.

ನಾನು ಅವ್ವನೊಡನೆ ಜಗಳ ಮಾಡಿದೆ. ಎರಡು ಕಲ್ಲಿಗೆ ಇಷ್ಟು ಹಟವೇ ಎಂದೆ. ಅವ್ವ, "ಕಲ್ಲಿಂದಲ್ಲ. ಅಲ್ಲೇನರ ಕಂಡ್ರ, ಇವನ ಕಟ್ಟಿಯಿಂದ ಬಾಜೂದವನ ಮಗ್ಗಾ ಮುಳುಗಿತು ಅಂತ ನಾಳಿ ಮಂದಿ ನಿಮ್ಮಪ್ಪನ್ನ ಬೈತಾರ. ಸತ್ತಾವ ಎದ್ದ ಬಂದು ಉತ್ತರಾ ಕೊಡ್ತಾನೇನ?" ಎಂದಳು. ಅದನ್ನು ಹಾಗೆಯೇ ಮೇಡಂಗೆ ಹೇಳಿದೆ. ಅವರು ಕೈಯಲ್ಲಿದ್ದ ಲೋಟದ ನೀರನ್ನು ನೆಲಕ್ಕೆ ಸುರಿಯುವುದನ್ನೂ ಮರೆತು, ಹಾಗೆಯೇ ಹಿಡಿದುಕೊಂಡು ಕೂತರು.

ಮಳೆಗಾಲ ತೆರೆಯುವ ಮಿರಗದ ಮಳೆಗೆ ಇನ್ನೂ ದಿನ ಇರುವಾಗಲೇ ಒಂದು ಅಡ್ಡಮಳೆ ಬಂತು. ಮಧ್ಯಾಹ್ನ ಗುಡುಗಿ ಸುರಿದು, ಗಳಿಗೆಯಲ್ಲಿ ಕಾಕಾನ ಕುಣಿ ತುಂಬಿತು. ಮಗ್ಗದ ಮೇಲೆ ಬಸುರಿ ಮೊಮ್ಮಗಳ ಕುಬಸಕ್ಕೆಂದು ಹೂಡಿದ್ದ ಹಸಿರು ಸೀರೆ. ಅದರ ಒಡಲಿಗೂ ಸೆರಗಿಗೂ ಎಳೆ ಎಳೆ ಕೂಡಿಸಿ ಕೊಟ್ಟವಳು ನಮ್ಮ ಅವ್ವನೇ. ಆ ಕೆಲಸಕ್ಕೆ ಓಣಿಯಲ್ಲಿ ಅವಳ ಕೈ ಎಂದರೆ ಕೈ. ನಮ್ಮ ಓಣಿಯಲ್ಲಿ ಒಂದು ಕಟ್ಟಳೆ ಉಂಟು. ಒಬ್ಬರ ಕುಣಿಯಲ್ಲಿ ನೀರು ಇರುವತನಕ ಉಳಿದವರು ಮಗ್ಗ ತುಳಿಯುವಂತಿಲ್ಲ. ಹೊಸ್ತಿಲು ಏರಿಸುವಾಗ ಇಲ್ಲದ ನಾಚಿಕೆ ಆಗ ಬರುತ್ತದೆ, ಎಲ್ಲರೂ ಡಬ್ಬಿ ಹಿಡಿದು ಓಡುತ್ತಾರೆ. ಅವತ್ತು ಅವ್ವನೂ ಹೋದಳು. ತೋಡಿದ ನೀರನ್ನು ಕೊಡದಲ್ಲಿ ಹೊತ್ತು ತಂದು ನಮ್ಮ ಕಟ್ಟೆಯ ಹತ್ತಿರ ಗಟಾರಕ್ಕೆ ಸುರುವಿದಳು. ನೀರು ಕಟ್ಟೆಗೆ ಬಡಿದು, ಒಂದು ಸುತ್ತು ತಿರುಗಿ, ಮತ್ತೆ ಕಾಕಾನ ಬಾಗಿಲ ಕಡೆಗೇ ಹೊರಟಿತು. ಅವ್ವ ಇನ್ನೊಂದು ಕೊಡ ತಂದು ಸುರುವಿದಳು. ಅದೂ ತಿರುಗಿ ಹೋಯಿತು. ಪಕ್ಕದಲ್ಲೇ ಮೇಡಂ ಕೂಡ ಕೊಡ ಹೊತ್ತಿದ್ದರು.

ಅವ್ವ ಕೊಡ ಕೆಳಗಿಟ್ಟು, "ಎತ್ತವ್ವಾ ಕಲ್ಲ. ಆದ್ರ ನನ್ನ ಕಣ್ಣ ಮುಂದ ಬ್ಯಾಡ" ಎಂದಳು.

ಮರುದಿನ ಮೇಡಂ ಅವಳನ್ನು ಹುನಗುಂದಕ್ಕೆ, ಅವಳ ತಂಗಿಯ ಮನೆಗೆ ಬಸ್ಸು ಹತ್ತಿಸಿದರು. ನಾನು ಶಾಲೆಗೆ ಹೋದೆ. ಸಂಜೆ ನಾವಿಬ್ಬರೂ ಬರುವ ಹೊತ್ತಿಗೆ ಕಟ್ಟೆಯ ಕಲ್ಲುಗಳನ್ನೆಲ್ಲ ಒಂದೂ ಒಡೆಯದೆ ಎತ್ತಿ, ಸೀಮೆಸುಣ್ಣದಿಂದ ಗುರುತು ಹಾಕಿ, ಗೋಡೆಗೆ ಒರಗಿಸಿ ಇಟ್ಟಿದ್ದರು. ಪಕ್ಕದಲ್ಲಿ ಒಡೆದ ಬಿಳಿ ರಾಡಿಯ ಗುಡ್ಡೆ. ಮೇಡಂ ಅವ್ವನ ಕೈ ಹಿಡಿದು ಒಂದು ಉದ್ದನೆಯ ಕಲ್ಲಿನ ಹತ್ತಿರ ಕರೆದೊಯ್ದರು. ಅದರ ಅಡಿಯಲ್ಲಿ ನೀರು ಹೋಗಲು ಒಂದು ಕಾಲುವೆ ಕಡಿದಿತ್ತು, ಅದರ ತುಂಬ ಕೆಸರು ಮೆತ್ತಿತ್ತು. "ನೋಡ್ರಿ ಅವ್ವಾರ, ನಿಮ್ಮ ಯಜಮಾನ್ರು ನೀರಿಗೆ ದಾರಿ ಬಿಟ್ಟ ಕಟ್ಟಿದ್ರು. ಆಮ್ಯಾಗ ಈ ರಾಡಿ ಬಂದು ಮುಚ್ಚೇತಿ. ಅವ್ರದೇನೂ ತಪ್ಪಿಲ್ಲ" ಎಂದು, ಓಣಿಯವರಿಗೆಲ್ಲ ಕೇಳುವಂತೆ ಹೇಳಿದರು. ಕಾಕಾ ಹೌದೆಂದು ತಲೆಯಾಡಿಸಿದ. ಅವ್ವ ಆ ಕಾಲುವೆಯಲ್ಲಿ ಬೆರಳಾಡಿಸಿ, ಅಲ್ಲೇ ಕೂತು ಅತ್ತಳು. ನಾನೂ ಅತ್ತೆ. ನನ್ನ ಅಪ್ಪನ ಬಗ್ಗೆ ಅಷ್ಟು ಹೆಮ್ಮೆ ನನಗೆ ಅದುವರೆಗೆ ಆಗಿರಲಿಲ್ಲ.

ಆಮೇಲೆ ಓಣಿಯ ಉಳಿದ ಕಟ್ಟೆಗಳನ್ನೂ ಒಂದೊಂದಾಗಿ ಕಿತ್ತರು, ಯಾರೂ ತಕರಾರು ತೆಗೆಯಲಿಲ್ಲ. ಗಟಾರ ಅಗಲವಾಯಿತು. ನಮ್ಮ ಕಟ್ಟೆಯನ್ನು ಅದೇ ಕಲ್ಲುಗಳಿಂದ ಗೋಡೆಗೆ ಸರಿಸಿ ಮತ್ತೆ ಕಟ್ಟಿಸಿಕೊಟ್ಟರು, ಕಾಲುವೆ ಕಡಿದ ಕಲ್ಲನ್ನು ಮೇಲ್ಮುಖ ಮಾಡಿ ಅಂಚಿಗೆ ಹಾಕಿಸಿದರು. ಕಟ್ಟೆ ಸಣ್ಣದಾಗಿ ಇಬ್ಬರು ಎದುರುಬದುರು ಕೂಡಲು ಜಾಗ ಉಳಿಯಲಿಲ್ಲ, ಪಕ್ಕಪಕ್ಕ ಕೂಡತೊಡಗಿದರು. ದಿನಾ ಮುಂಜಾನೆ ಅವ್ವ ಬಾಗಿಲು ತೊಳೆಯುವ ಮೊದಲು ಆ ಕಲ್ಲು ತೊಳೆಯುವುದು ರೂಢಿಯಾಯಿತು. ಕಾಕಾನ ಕುಣಿ ಆಮೇಲೆ ಒಮ್ಮೆಯೂ ತುಂಬಿಲ್ಲ.

ದೊಡ್ಡ ನಕ್ಷೆ ದೊಡ್ಡದಾಗಿಯೇ ಉಳಿಯಿತು. ಇನ್ನೂ ಕೆಲವು ಓಣಿ ಆಯಿತು, ಇನ್ನೂ ಎಷ್ಟೋ ಆಗಬೇಕು. ಮೇಡಂಗೆ ವರ್ಗವಾಯಿತು, ಬಾಗಲಕೋಟೆಯಲ್ಲಿದ್ದು ನಿವೃತ್ತರಾದರು, ಬಾದಾಮಿಗೆ ಹೋಗಿ ನೆಲೆಸಿದರು. ಆ ಕಡೆ ಮೋಡ ಕಟ್ಟಿದರೆ ಈ ಕಡೆ ಫೋನು ಬರುತ್ತಿತ್ತು. ಅವ್ವನ ಆರೋಗ್ಯ ಕೇಳುವ ಮೊದಲು, "ಕಾಕಾರ ಕುಣಿ ಹೆಂಗೈತ್ರಿ?" ಅವ್ವ ಗತ್ತಿನಿಂದ, ಒಣಗಿದೆ ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ಗಂಟೆಗಟ್ಟಲೆ ಮಾತು.

ಅವರ ಮಣ್ಣಿಗೆ ನಮಗೆ ಹೋಗಲಾಗಲಿಲ್ಲ. ಮೂರನೆಯ ದಿನದ ಜಿಯಾರತದ ಪ್ರಾರ್ಥನೆಗೆ ನಾನು ಮತ್ತು ಕಾಕಾ ಬಾದಾಮಿಗೆ ಹೋದೆವು. ಅವ್ವನಿಗೆ ಈಗ ಬಸ್ಸು ಹತ್ತುವ ಶಕ್ತಿ ಇಲ್ಲ. ಗುಡ್ಡದ ಬುಡದ ಸಣ್ಣ ಮನೆ. ಬಾಗಿಲ ಮರೆಯಲ್ಲಿ ಕರಿ ಬೂಟುಗಳು ತೊಳೆದು ಇಟ್ಟ ಹಾಗೇ ಇದ್ದವು. ತಿರುಗಿ ಬರುವಾಗ ಬಸ್ಸಿನಲ್ಲಿ, ಪಟ್ಟದಕಲ್ಲು ದಾಟಿ ಹೊಳೆ ಕಂಡಾಗ ಕಾಕಾ ಕಟ್ಟೆಯ ಮಾತು ತೆಗೆದ.

ಕಟ್ಟೆಯ ಕೆಳಗೆ ದಾರಿ ಇರಲಿಲ್ಲವಂತೆ. ಕಲ್ಲು ಎತ್ತಿದಾಗ ಕಂಡದ್ದು ಗಟಾರದ ಬಾಯಿಗೆ ಅಡ್ಡ ಕಲ್ಲಿಟ್ಟು ಸಿಮೆಂಟಿನಿಂದ ಬಿಗಿಯಾಗಿ ಮುಚ್ಚಿದ ಗೋಡೆ. ಅಪ್ಪನೇ ಮುಚ್ಚಿದ್ದ. ಅಷ್ಟು ವರ್ಷ ಕಾಕಾನ ಕುಣಿ ತುಂಬಿದ್ದು ಅದರಿಂದಲೇ. ಮೇಡಂ ಕಾಕಾನನ್ನು ಬದಿಗೆ ಕರೆದು, ನೀರು ಕುಡಿದದ್ದು ನಿಮ್ಮ ಮಗ್ಗ, ನೀವು ಹೂಂ ಅಂದರೆ ಮಾತ್ರ ಇದನ್ನು ಅವ್ವನಿಂದ ಮುಚ್ಚಿಡುತ್ತೇನೆ ಎಂದು ಕೇಳಿದರು. ಕಾಕಾ ಹೂಂ ಅಂದ. ಗೋಡೆ ಒಡೆಸಿ, ಕಲ್ಲುಕುಟಿಗನನ್ನು ಕರೆಸಿ ಒಂದು ಕಲ್ಲಿಗೆ ಕಾಲುವೆ ಹೊಡೆಸಿ, ಹೊಸದು ಎಂದು ಕಾಣದ ಹಾಗೆ ತಾವೇ ಕೈಯಿಂದ ಅದಕ್ಕೆ ಕೆಸರು ಮೆತ್ತಿದರು. ಬೆರಳಷ್ಟು ಸುಳ್ಳನ್ನು ಒಡೆಸಿ ಕಟ್ಟಿಸಿದ ಹೆಣ್ಣುಮಗಳು ಒಂದು ಮಾರುದ್ದದ ಸುಳ್ಳನ್ನು ಕಲ್ಲಿನಲ್ಲೇ ಕಡಿಸಿದ್ದರು.

"ನಿನಗ ಸಿಟ್ಟ ಬರಲಿಲ್ಲೇನ ಕಾಕಾ?" ಎಂದೆ.

"ಬಂದಿತ್ತ. ಆದ್ರ ಸತ್ತಾವ ಸತ್ತಾನ. ಇದ್ದಾಕಿ ಇರಬೇಕಲ್ಲವ್ವಾ" ಎಂದ. ಆಮೇಲೆ, ಮೇಡಮ್ಮಾರು ಇರುವತನಕ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಈಗ ಅದರ ಭಾರ ತಡೆಯಲಾಗಲಿಲ್ಲ ಎಂದು ಕಿಟಕಿಯ ಕಡೆ ತಿರುಗಿ ಕೂತ.

ಮನೆಗೆ ಬಂದಾಗ ಸಂಜೆಯಾಗಿತ್ತು, ಮೋಡ ಇಳಿದಿತ್ತು. ಅವ್ವ ಕಟ್ಟೆಯ ಒಂದು ತುದಿಗೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಬಾದಾಮಿಯ ಸುದ್ದಿ ಹೇಳಿದೆ, ಬೂಟುಗಳ ಸುದ್ದಿ ಹೇಳಿದೆ. ಕಾಕಾ ಹೇಳಿದ್ದನ್ನು ಹೇಳಬಾರದು ಎಂದೇ ಇದ್ದೆ. ಆದರೆ ಕಣ್ಣು ಆ ಕಲ್ಲಿನ ಮೇಲೆ ಹೋಗಿ ನಿಂತಿತು. ಅವ್ವ ನನ್ನ ಮುಖ ನೋಡಿದಳು.

"ಹೇಳಿದ್ನ ನಿಮ್ಮ ಕಾಕಾ?"

ನಾನು ಗಾಬರಿಯಿಂದ ಏನು ಎಂದೆ.

"ನೀ ಸಣ್ಣಾಕಿದ್ದಿ. ಗಟಾರದಾಗಿಂದ ಹಾವ ಬಂದು, ನೀ ಆಡೂಮುಂದ ನಮ್ಮ ಮಗ್ಗದ ಕುಣ್ಯಾಗ ಬಿದ್ದಿತ್ತು. ನಿಮ್ಮಪ್ಪ ಅವತ್ತ ಗಟಾರ ಮುಚ್ಚಿದ. ಸಿಮೆಂಟ ಕಲಸಿ ಕೊಟ್ಟಾಕಿ ನಾನ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಕಿ ಅಷ್ಟ ಕಳಕಳೀಲೆ ಕಡಿಸಿ ತೋರಿಸಿದ್ಲು. ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ."

"ಮತ್ತ ದಿನಾ ಆ ಕಲ್ಲ ತೊಳೀತಿದ್ದೆಲ್ಲ?"

"ನಿಮ್ಮಪ್ಪನ ಕಲ್ಲಂತ ತೊಳೀತಿದ್ದೆ ಅನ್ಕೊಂಡೇನು? ಅದು ಆಕೀದು."

ದಪ್ಪ ದಪ್ಪ ಹನಿ ಬೀಳತೊಡಗಿದವು. ಓಣಿಯಲ್ಲಿ ಎಲ್ಲರೂ ಬಟ್ಟೆ, ನೂಲು ಬಾಚಿಕೊಂಡು ಒಳಗೆ ಓಡಿದರು, ಬಾಗಿಲುಗಳು ಮುಚ್ಚಿದವು. ನಾನೂ ಎದ್ದೆ. ಅವ್ವ ಏಳಲಿಲ್ಲ.

"ಛತ್ರಿ ತೊಗೊಂಡ ಬಾ. ನೀರ ನೋಡೂಣು" ಎಂದಳು.